ಹಾವು ಬೀಳಿಸಿದ ಹಕ್ಕಿ

ಕಡಲು ಕೂಗಳತೆಯಲ್ಲಿದ್ದರೂ ನಾಲ್ಕು ಮೀನಿನ ಹೆಸರು ಸರಿಯಾಗಿ ಹೇಳಲು ಬಾರದವರು ನಾವು. ಕಾಪುವಿನ ನಮ್ಮ ಮನೆಯಲ್ಲಿ ಮಲಗಿದರೆ ಅಲೆಯ ಸದ್ದು ಕೇಳುತ್ತಿತ್ತು. ಆದರೆ ಪೂಜೆ ಮಾಡಿಕೊಂಡಿದ್ದ ಮನೆತನ. ದೋಣಿ ಬರುವ ಹೊತ್ತಿಗೆ ಆ ಕಡೆ ಹೋಗುವ ಕ್ರಮವೇ ಇರಲಿಲ್ಲ. ಬಲೆಯಲ್ಲಿ ಏನೇನು ಬರುತ್ತದೆ, ಅದರಲ್ಲಿ ಏನನ್ನು ವಾಪಸು ನೀರಿಗೆ ಎಸೆಯುತ್ತಾರೆ ಎಂಬುದೆಲ್ಲ ನಮಗೆ ಕಾಶಿಯ ಸುದ್ದಿಯಷ್ಟೇ ದೂರ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ನಡೆದದ್ದು ನಮ್ಮಂಥವರ ಮನೆಯಲ್ಲಿ ಮಾತ್ರ ನಡೆಯಬಹುದಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪ ತೀರಿಕೊಂಡ ಮೇಲೆ ದೊಡ್ಡಪ್ಪನೇ ಮನೆಯ ಯಜಮಾನರು. ಅಕ್ಕನನ್ನು ಕಾರ್ಕಳಕ್ಕೆ ಕೊಟ್ಟಿತ್ತು, ಭಾವ ಗಲ್ಫಿನಲ್ಲಿದ್ದರು. ಅವಳ ಮೊದಲ ಬಸಿರು ಏಳನೆಯ ತಿಂಗಳಲ್ಲಿ ಹೋಗಿತ್ತು. ಎರಡನೆಯದಕ್ಕೆ ಸೀಮಂತ ಮುಗಿಸಿ ತವರಿಗೆ ಕರೆತಂದಾಗ ಮಣಿಪಾಲದ ಡಾಕ್ಟರಮ್ಮ ಗದರಿಸಿಯೇ ಹೇಳಿದ್ದರು: ಇನ್ನು ಹೆರಿಗೆಯವರೆಗೆ ಬಸ್ಸು ಬೇಡ, ಜೀಪು ಬೇಡ, ಮೆಟ್ಟಿಲು ಹತ್ತುವುದೂ ಬೇಡ, ಮೈ ಕುಲುಕಿದರೆ ಇದೂ ಉಳಿಯುವುದಿಲ್ಲ. ಆ ಮಾತು ಕೇಳಿದ ಮೇಲೆ ಅಮ್ಮ ಅಕ್ಕನನ್ನು ನಡೆಸುವಾಗಲೂ ತುಂಬಿದ ಕೊಡ ಹಿಡಿದವರ ಹಾಗೆ ನಡೆಸುತ್ತಿದ್ದರು.

ನಮ್ಮ ಅಂಗಳದ ಆಚೆ ನಾಗಬನ. ನಾಗನಿಗೆ ಬಿಟ್ಟ ಜಾಗವಾದ್ದರಿಂದ ಅಲ್ಲಿ ಯಾರೂ ಕತ್ತಿ ಹಿಡಿಯುವುದಿಲ್ಲ. ಹಾಗಾಗಿ ಮರಗಳು ಬೆಳೆದದ್ದೇ ಬೆಳೆದದ್ದು. ಎಲ್ಲಕ್ಕಿಂತ ಎತ್ತರದ ಧೂಪದ ಮರದ ತುದಿಯಲ್ಲಿ ಸೌದೆಹೊರೆಯಷ್ಟು ದೊಡ್ಡ ಗೂಡೊಂದು ನನಗೆ ಬುದ್ಧಿ ಬಂದಂದಿನಿಂದ ಇತ್ತು. ಅದರ ಹಕ್ಕಿಯ ತಲೆ ಬೆಳ್ಳಗಿತ್ತು. ತಲೆ ಬಿಳಿ ಎಂದ ಮೇಲೆ ಗರುಡ ಎಂದು ತೀರ್ಮಾನವಾಗಿ ಹೋಗಿತ್ತು; ದೊಡ್ಡಪ್ಪ ಬೆಳಿಗ್ಗೆ ಸ್ನಾನ ಮಾಡಿ ಬಂದವರು ಅದಕ್ಕೊಂದು ಕೈ ಮುಗಿದೇ ಒಳಗೆ ಹೋಗುತ್ತಿದ್ದರು. ಅದನ್ನು ಸರಿಯಾಗಿ ನೋಡುವ ಉಸಾಬರಿಗೆ ಯಾರೂ ಹೋಗಿರಲಿಲ್ಲ.

ಮಳೆಗಾಲ ಮುಗಿದು ಬಿಸಿಲು ಹದವಾಗಿದ್ದ ಒಂದು ಮಧ್ಯಾಹ್ನ ಅಕ್ಕ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಳು. ನಾನು ಪಕ್ಕದಲ್ಲಿ ಕುಳಿತು ಅವಳ ತಲೆ ಬಾಚುತ್ತಿದ್ದೆ. ಮೇಲೆ ರೆಕ್ಕೆಯ ಸದ್ದಾಯಿತು; ಅದರ ಹಿಂದೆಯೇ ತುಳಸಿಕಟ್ಟೆಯ ಪಕ್ಕ ಒದ್ದೆ ಬಟ್ಟೆ ಬಿದ್ದಂತೆ ಏನೋ ಬಿತ್ತು. ಹಾವು. ತಲೆ ಇರಲಿಲ್ಲ, ಬಾಲವೂ ಇರಲಿಲ್ಲ. ಮೊಳದಷ್ಟು ಉದ್ದದ ನಡುಭಾಗ ಮಾತ್ರ, ಎರಡು ತುದಿಯಲ್ಲೂ ಕೆಂಪು ಮಾಂಸ. ಅಕ್ಕ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಚಿಕೊಂಡಳು, ಅಷ್ಟೆ.

ನಮ್ಮ ಕಡೆ ಸತ್ತ ನಾಗನನ್ನು ಕಂಡರೆ ಮನುಷ್ಯನಿಗೆ ಮಾಡಿದಂತೆಯೇ ಸಂಸ್ಕಾರ ಮಾಡಬೇಕು. ದೊಡ್ಡಪ್ಪ ಓಡಿ ಬಂದವರು ಹಾಲು ಎರೆದು, ಬಿಳಿ ಬಟ್ಟೆ ಮುಚ್ಚಿ, ಸಂಜೆಯ ಒಳಗೆ ಗಂಧದ ಚೂರು ಹಾಕಿ ಅದನ್ನು ಸುಟ್ಟರು. ಅದು ನಾಗರಹಾವೇ ಎಂದು ಹೇಗೆ ಗೊತ್ತು ಎಂದು ಕೇಳಿದೆ. ನನಗೆ ಕೋಪ ಮೂಗಿನ ತುದಿಯಲ್ಲಿ. ಹೆದರಿದಾಗ ಇನ್ನೂ ಬೇಗ ಬರುತ್ತದೆ.

“ಗೊತ್ತಿಲ್ಲ,” ಎಂದರು ದೊಡ್ಡಪ್ಪ. “ತಲೆ ಇದ್ದಿದ್ದರೆ ಹೆಡೆ ನೋಡಿ ಹೇಳಬಹುದಿತ್ತು. ತಲೆ ಇಲ್ಲದ್ದನ್ನು ನಾಗ ಅಲ್ಲ ಅಂತ ಹೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೆ ಉಂಟು? ನಿನಗೆ ಉಂಟಾ? ಬನದ ಎದುರು, ಗರುಡನ ಬಾಯಿಯಿಂದ, ಬಸುರಿಯ ಕಣ್ಣ ಮುಂದೆ ಬಿದ್ದದ್ದು.”

ನನಗೆ ಧೈರ್ಯ ಇರಲಿಲ್ಲ. ಸುಟ್ಟಲ್ಲಿಗೆ ಮುಗಿಯುವಂಥದ್ದೂ ಅದಲ್ಲ. ಮುಂದಿನ ಕರ್ಮ ಇರುತ್ತದೆ. ಬಸುರಿ ಇರುವ ಮನೆಯಲ್ಲಿ ಅದನ್ನು ಮಾಡುವ ಹಾಗಿಲ್ಲ, ಮಾಡದೆ ಬಿಡುವ ಹಾಗೂ ಇಲ್ಲ. ಹಾಗಾದರೆ ಉಳಿದ ದಾರಿ ಒಂದೇ: ಬರುವ ಸೋಮವಾರ ಅಕ್ಕ ಗಂಡನ ಮನೆಗೆ ಹೋಗಬೇಕು. ಪಡುಬಿದ್ರಿ, ನಂದಿಕೂರು, ಬೆಳ್ಮಣ್ಣು ದಾಟಿ ಕಾರ್ಕಳಕ್ಕೆ ಹೋಗುವ ಆ ರಸ್ತೆಯಲ್ಲಿ ಆಗ ಹೊಂಡಗಳ ನಡುವೆ ಅಲ್ಲಲ್ಲಿ ಡಾಮರು ಕಾಣುತ್ತಿತ್ತು. ಅಮ್ಮ ಡಾಕ್ಟರಮ್ಮನ ಮಾತು ಎತ್ತಿದಾಗ ದೊಡ್ಡಪ್ಪ, “ಜೀಪಿನವನಿಗೆ ನಿಧಾನ ಹೋಗಲಿಕ್ಕೆ ಹೇಳುವ,” ಎಂದು ಒಳಗೆ ಹೋದರು. ಅತ್ತ ದರಿ, ಇತ್ತ ಪುಲಿ ಎಂಬಂತಾಗಿತ್ತು ಅವರ ಸ್ಥಿತಿ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು; ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ.

ಹಾವು ಬೂದಿಯಾಗಿತ್ತು. ಅದನ್ನು ಯಾರಿಗೂ ತೋರಿಸಿ ಕೇಳುವ ಹಾಗಿರಲಿಲ್ಲ. ಆದರೆ ತಂದು ಹಾಕಿದ ಹಕ್ಕಿ ಮರದ ಮೇಲೆಯೇ ಇದೆಯಲ್ಲ! ಗರುಡ ಎನ್ನುತ್ತಾರೆ, ಗರುಡನೇ ಹೌದಾ? ಈ ಪ್ರಶ್ನೆ ನನಗೆ ಹೇಗೆ ಹೊಳೆಯಿತೋ ಗೊತ್ತಿಲ್ಲ. ಗರುಡ ಅಲ್ಲದಿದ್ದರೆ ಅರ್ಧ ಹೆದರಿಕೆಯಾದರೂ ಕಳೆಯುತ್ತದೆ ಎಂಬ ಆಸೆ ಅಷ್ಟೆ. ಉಡುಪಿಯಲ್ಲಿ ನಾನು ಬಿ.ಎ. ಓದುತ್ತಿದ್ದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರು ಹಕ್ಕಿಗಳ ಹುಚ್ಚಿನವರು ಎಂದು ಪ್ರಸಿದ್ಧರಾಗಿದ್ದರು. ಭಾವ ಸೀಮಂತಕ್ಕೆ ಬಂದಾಗ ಬಿಟ್ಟುಹೋದ ಕ್ಯಾಮರಾ ಮನೆಯಲ್ಲಿತ್ತು. ಒಳಗಿದ್ದ ಕಪ್ಪು ಬಿಳುಪಿನ ರೀಲು ಇನ್ನೂ ಮುಗಿದಿರಲಿಲ್ಲ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಪೂಜೆಗೆ ಹೋದ ಹೊತ್ತು ನೋಡಿ ಕ್ಯಾಮರಾ ಹಿಡಿದು ಬನದ ಹತ್ತಿರ ಹೋದೆ. ಅಲ್ಲಿ ಹೆಂಗಸರು ಕಾಲಿಡುವ ಕ್ರಮವಿಲ್ಲ. ಮುರಕಲ್ಲಿನ ಗೋಡೆಯ ಹೊರಗೆ ನಿಂತೇ ಕತ್ತು ಎತ್ತಿದೆ. ಹಕ್ಕಿ ಕೊಂಬೆಯ ಮೇಲೆ ಎಲೆಯ ನೆರಳಿನಲ್ಲಿ ಕುಳಿತಿತ್ತು, ಒಂದು ತೆಗೆದೆ. ಸರಿಯಾದ ಜಾಗ ಹುಡುಕಿಕೊಂಡು ಗೋಡೆಯ ಉದ್ದಕ್ಕೂ ಹೋಗುವಾಗ ಕಣ್ಣು ಕೆಳಗೆ ಬಿತ್ತು. ಧೂಪದ ಮರದ ಬುಡದಲ್ಲಿ, ತರಗೆಲೆಯ ನಡುವೆ, ಬೆಳ್ಳಗೆ ಏನೋ ಹರಡಿತ್ತು. ಮೂಳೆಗಳು. ಸಣ್ಣ ಸಣ್ಣ ಮಣಿಯಂಥ ಬೆನ್ನುಮೂಳೆಗಳು, ಕೆಲವು ಇನ್ನೂ ಸಾಲು ಬಿಡದೆ ಬಾಗಿಕೊಂಡು ಬಿದ್ದಿದ್ದವು. ಅವು ಹಾವಿನವು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕ್ಯಾಮರಾ ಕೆಳಗಿಳಿಸಿ ನೋಡಿದೆ. ಒಂದು ನಾಗನಿಗೇ ಮನೆಯಲ್ಲಿ ಇಷ್ಟು ರಂಪ. ಇಲ್ಲಿ ಎಷ್ಟು ನಾಗಗಳು, ಎಷ್ಟು ವರ್ಷದಿಂದ, ನಮ್ಮದೇ ಬನದಲ್ಲಿ, ಸಂಸ್ಕಾರವಿಲ್ಲದೆ ಬಿದ್ದಿವೆ! ಅಕ್ಕನ ಮೊದಲ ಮಗು ಹೋದದ್ದು ಇದಕ್ಕೇ ಇರಬೇಕು ಎಂದು ಆ ಕ್ಷಣದಲ್ಲಿ ನಾನು ನಿಜವಾಗಿ ನಂಬಿದೆ. ಮೇಲಿನಿಂದ ಹಕ್ಕಿ ಬಾತುಕೋಳಿಯಂತೆ ಗಟ್ಟಿಯಾಗಿ ಕೂಗಿ ರೆಕ್ಕೆ ಬಿಚ್ಚಿತು. ಕ್ಯಾಮರಾ ಎತ್ತಿ ಒತ್ತಿದೆ. ಮೂಳೆಯ ವಿಷಯ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಜೀಪು ಸೋಮವಾರದವರೆಗೆ ಕಾಯುತ್ತಿರಲಿಲ್ಲ.

ಉಡುಪಿಯ ಸ್ಟುಡಿಯೋದವರು ಶನಿವಾರ ಬೆಳಿಗ್ಗೆ ಫೋಟೋ ಕೊಟ್ಟರು. ಸೀಮಂತದ ಚಿತ್ರಗಳಲ್ಲಿ ಅಕ್ಕ ಕೈ ತುಂಬ ಬಳೆ ತೊಟ್ಟು ನಗುತ್ತಿದ್ದಳು. ಕೊನೆಯ ಎರಡು ಹಕ್ಕಿಯವು. ಹುಣಸೆಬೀಜದಷ್ಟಿದ್ದ ಹಕ್ಕಿಯನ್ನು ಹಿಗ್ಗಿಸಿ ಕೊಡಿ ಎಂದದ್ದಕ್ಕೆ ಹಿಗ್ಗಿಸಿದ್ದರು. ಹಕ್ಕಿಯ ಜೊತೆ ಕಾಳು ಕಾಳಾದ ಮಬ್ಬೂ ಹಿಗ್ಗಿತ್ತು. ಅದನ್ನು ಹಿಡಿದುಕೊಂಡು ಮೇಷ್ಟ್ರ ಕೋಣೆಯ ಬಾಗಿಲಲ್ಲಿ ನಿಂತೆ.

ಅವರು ಮೊದಲ ಫೋಟೋವನ್ನು ಭೂತಗನ್ನಡಿಯಲ್ಲಿ ನೋಡಿದರು. “ತಲೆ ಬಿಳಿ, ಕೆಳಗೆ ಕಪ್ಪು. ಇದು ಗರುಡನೇ ಇರಬೇಕು ಮಾರಾಯ್ತಿ. ಇದಕ್ಕೆ ಉಡುಪಿವರೆಗೆ ಬಂದದ್ದಾ?”

ಅಳು ಬರುವುದಕ್ಕೆ ಮೊದಲು ಎರಡನೆಯ ಫೋಟೋವನ್ನು ಅವರ ಮುಂದೆ ತಳ್ಳಿದೆ. ಅದನ್ನು ಅವರು ಬಹಳ ಹೊತ್ತು ನೋಡಿದರು. ಎದ್ದು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದರು.

“ತಡಿ, ತಡಿ. ಅದು ಎಲೆಯ ನೆರಳು ಹೊಟ್ಟೆಯ ಮೇಲೆ ಬಿದ್ದದ್ದು. ಇಲ್ಲಿ ನೋಡು, ಹೊಟ್ಟೆ ಪೂರಾ ಬಿಳಿ. ಗರುಡನಿಗೆ ಎದೆಯವರೆಗೆ ಮಾತ್ರ ಬಿಳಿ, ಅಲ್ಲಿಂದ ಕೆಳಗೆ ಕೆಂಪುಗಂದು. ಈ ಫೋಟೋದಲ್ಲಿ ಅದು ಕಪ್ಪಾಗಿ ಕಾಣಬೇಕಿತ್ತು. ಬಾಲ ನೋಡು, ಬೆಣೆಯ ಹಾಗೆ ಉಂಟು. ಗರುಡನದ್ದು ಬೀಸಣಿಗೆಯ ಹಾಗೆ ಗುಂಡಗೆ. ರೆಕ್ಕೆ ಎತ್ತಿ ಹಿಡಿದ ಕ್ರಮವೂ ಬೇರೆ. ಇದು ಬಿಳಿಹೊಟ್ಟೆಯ ಕಡಲ ಹದ್ದು.”

“ಅದು ಎಂತ ತಿನ್ನುತ್ತದೆ ಸರ್?”

“ಮೀನು. ಮತ್ತೆ ಕಡಲಹಾವು, ಬಲೆಗೆ ಬಿದ್ದರೆ ಮೀನಿನವರು ವಾಪಸು ನೀರಿಗೆ ಎಸೆಯುತ್ತಾರಲ್ಲ, ಅದು. ನಮ್ಮ ಈ ಕರಾವಳಿಯಲ್ಲಿ ಇದಕ್ಕೆ ಕಡಲಹಾವು ಅಂದರೆ ಹಬ್ಬದ ಊಟ. ಮರದ ಬುಡದಲ್ಲಿ ಮೂಳೆ ಇರಬೇಕಲ್ಲ?”

ಇದೆ ಎಂದು ಹೇಳುವಷ್ಟರಲ್ಲಿ ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಿದ್ದೆ. ಆಮೇಲೆ ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದೆ: “ಯಾವಾಗಲೂ ಕಡಲಹಾವೇ ಅಲ್ವಾ? ಭೂಮಿಯ ಹಾವನ್ನು ಹಿಡಿಯುವುದೇ ಇಲ್ಲ ಅಲ್ವಾ?”

“ಹೆಚ್ಚಾಗಿ ಕಡಲಿನದ್ದೇ. ಯಾವಾಗಲೂ ಅಂತ ಹೇಳಲಿಕ್ಕೆ ನಾನು ಅದರ ಪಂಕ್ತಿಯಲ್ಲಿ ಊಟಕ್ಕೆ ಕೂತವನಲ್ಲ,” ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಕಾಪುವಿನವರೆಗೂ ಆ “ಹೆಚ್ಚಾಗಿ” ಎಂಬುದು ಕಿವಿಯಲ್ಲೇ ಇತ್ತು. ಮನೆಗೆ ಬಂದು ದೊಡ್ಡಪ್ಪನಿಗೆ ಫೋಟೋ ತೋರಿಸಿ ಹೊಟ್ಟೆ, ಬಾಲ, ರೆಕ್ಕೆ, ಮೂಳೆ ಎಲ್ಲವನ್ನೂ ಒಪ್ಪಿಸಿ, ಬಿದ್ದದ್ದು ನಾಗನಲ್ಲ, ಕಡಲಹಾವು ಎಂದೆ. “ಹೆಚ್ಚಾಗಿ” ಎಂಬುದೊಂದನ್ನು ನುಂಗಿಕೊಂಡೆ. ಸೋಮವಾರದ ಜೀಪು ನಿಲ್ಲಬೇಕಿತ್ತು. ನಿಲ್ಲಿಸಲು ನನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ದೊಡ್ಡಪ್ಪ ಕನ್ನಡಕ ಒರೆಸಿ ಒರೆಸಿ ನೋಡಿದರು. “ಹಾಗಾದರೆ ಇಷ್ಟು ವರ್ಷ ನಾನು ಬೆಳಿಗ್ಗೆ ಎದ್ದು ಕೈ ಮುಗಿದದ್ದು ಇದಕ್ಕಾ?”

“ಪುಣ್ಯ ಸೇರಬೇಕಾದವರಿಗೇ ಸೇರಿರ್ತದೆ ದೊಡ್ಡಪ್ಪ,” ಎಂದೆ.

ಅವರು ನಗಲು ಹೋದರು, ಆಗಲಿಲ್ಲ. ಕಣ್ಣು ತುಂಬಿ ಬಂದಿತ್ತು. “ನನಗೆ ಅವಳನ್ನು ಕಳಿಸಲಿಕ್ಕೆ ಮನಸ್ಸಿತ್ತು ಅಂತ ಎಣಿಸಿದ್ದೀಯಾ? ಮೂರು ದಿನದಿಂದ ನನಗೆ ಅನ್ನ ಇಳಿಯಲಿಲ್ಲ,” ಎಂದು ಎದ್ದು, ಜೀಪು ಬೇಡವೆಂದು ಹೇಳಿಬರಲು ತಾವೇ ಹೊರಟರು. ಅಮ್ಮ ದೇವರ ಮುಂದೆ ದೀಪ ಹಚ್ಚಿದರು. ಆ ಹೊತ್ತಿನಲ್ಲಿ ಮನೆಯಲ್ಲಿ ಎಲ್ಲರಿಗೂ ಹೆದರಿಕೆ ಇಳಿಯಿತು. ಇಳಿದದ್ದೆಲ್ಲ ಬಂದು ನನ್ನ ಮೇಲೆ ಕುಳಿತಿತು.

ಏಕೆಂದರೆ ಈಗ ಅಕ್ಕ ಉಳಿದದ್ದು ನನ್ನ ಮಾತಿನ ಮೇಲೆ. ಕರ್ಮ ನಿಂತದ್ದೂ ನನ್ನ ಮಾತಿನ ಮೇಲೆ. ಇನ್ನು ಏನಾದರೂ ಹೆಚ್ಚುಕಡಿಮೆಯಾದರೆ ಎಲ್ಲರೂ ನನ್ನ ಫೋಟೋದ ಕಡೆ ಕೈ ತೋರಿಸುತ್ತಾರೆ, ತೋರಿಸದಿದ್ದರೆ ನಾನೇ ತೋರಿಸಿಕೊಳ್ಳುತ್ತೇನೆ. ಹಕ್ಕಿ ಕೂಗಿದಾಗಲೆಲ್ಲ ಓಡಿ ಅಂಗಳಕ್ಕೆ ಬಂದು ಏನಾದರೂ ಬಿದ್ದಿದೆಯಾ ಎಂದು ನೋಡುತ್ತಿದ್ದೆ. ಅಕ್ಕ ಮಾತ್ರ ಊಟ ಮಾಡತೊಡಗಿದಳು, ಅಮ್ಮನ ಜೊತೆ ಮಾತಾಡಿದಳು. ಫೋಟೋ ತೋರಿಸಿದಾಗ “ಸರಿ” ಎಂದು ಹೇಳಿ ವಾಪಸು ಕೊಟ್ಟಿದ್ದಳು. ಅವಳು ನಂಬಿದ್ದಾಳೆ, ನನಗಷ್ಟೇ ಈ ಸಂಕಟ ಎಂದುಕೊಂಡೆ.

ಡಾಕ್ಟರಮ್ಮ ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ ನೋವು ಬಂತು. ಪರಿಚಯದವರ ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಒಳಗೆ ಕರೆದೊಯ್ದವರು ಬೆಳಗಿನಿಂದ ಮಧ್ಯಾಹ್ನದವರೆಗೂ ಒಂದು ಸುದ್ದಿ ಹೇಳಲಿಲ್ಲ. ಅಮ್ಮ ವಿಷ್ಣುಸಹಸ್ರನಾಮ ಹೇಳುತ್ತಿದ್ದರು. ನಾನು ಗೋಡೆ ಹಿಡಿದು ನಿಂತು ಬಿಳಿಹೊಟ್ಟೆ, ಬೆಣೆಯ ಬಾಲ, ಬಿಳಿಹೊಟ್ಟೆ, ಬೆಣೆಯ ಬಾಲ ಎಂದು ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ. ಆಮೇಲೆ ನರ್ಸಮ್ಮ ಬಂದು ಹೆಣ್ಣುಮಗು, ಇಬ್ಬರೂ ಕ್ಷೇಮ ಎಂದರು. ಅಮ್ಮ ಅಲ್ಲಿಯೇ ನೆಲಕ್ಕೆ ಕುಸಿದು ಕುಳಿತು ಅತ್ತರು.

ಅಮ್ಮ ದೊಡ್ಡಪ್ಪನಿಗೆ ಸುದ್ದಿ ಮುಟ್ಟಿಸಲು ಹೋದಾಗ ಕೋಣೆಯಲ್ಲಿ ನಾನು, ಅಕ್ಕ, ಮಗು ಮೂವರೇ. ಅಕ್ಕ ಕಣ್ಣು ಮುಚ್ಚಿ ಮಲಗಿದ್ದಳು. ಮಗುವನ್ನು ಎತ್ತಿಕೊಂಡೆ. ಬಟ್ಟೆಯಲ್ಲಿ ಸುತ್ತಿದ ಬಿಸಿಯಾದ ಸಣ್ಣ ಗಂಟು. ಸಂತೋಷ ಆಗಬೇಕಿತ್ತು, ಹೆದರಿಕೆ ಮಾತ್ರ ಇನ್ನೂ ಹೋಗಿರಲಿಲ್ಲ. ನಾಗನ ದೋಷ ಇದ್ದರೆ ಅದು ಮಗುವಿನ ಚರ್ಮದ ಮೇಲೆ ಏಳುತ್ತದೆ, ಮೀನಿನ ಮೈಯಂತೆ ಹುರುಪೆ ಕಟ್ಟುತ್ತದೆ ಎಂದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹಕ್ಕಿಯ ಹೆಸರನ್ನು ಮನೆಗೆಲ್ಲ ಹೇಳಿದವಳು ನಾನು. ಆ ನಾನೇ ಮಗುವನ್ನು ಕಿಟಕಿಯ ಬೆಳಕಿಗೆ ಒಯ್ದು, ಬಾಗಿಲ ಕಡೆ ಒಮ್ಮೆ ನೋಡಿ, ಬಟ್ಟೆ ಬಿಚ್ಚಿದೆ. ಬೋರಲು ಮಾಡಿ ಬೆನ್ನಿನ ಮೇಲೆ ಬೆರಳು ಆಡಿಸಿದೆ, ಕುತ್ತಿಗೆಯ ಮಡಿಕೆ ನೋಡಿದೆ, ಕಂಕುಳು ನೋಡಿದೆ, ಕಾಲಿನ ಸಂದು ನೋಡಿದೆ.

“ನಾನು ಆಗಲೇ ನೋಡಿ ಆಯ್ತು,” ಎಂದಳು ಅಕ್ಕ, ಹಾಸಿಗೆಯಿಂದ, ಕಣ್ಣು ತೆರೆಯದೆ. “ಎಂತದೂ ಇಲ್ಲ. ಬಟ್ಟೆ ಸುತ್ತು ಅದಕ್ಕೆ, ಚಳಿ ಆಗ್ತದೆ.”