ಬೇಸ್‌ಬಾಲ್ ಹರಟೆಯ ಚಾನೆಲ್

ಕತಾರಿನ ದೋಹಾದ ವೆಸ್ಟ್ ಬೇಯಲ್ಲಿರುವ ಗೆಳೆಯ ಫೆಲಿಕ್ಸನ ಆಫೀಸಿಗೆ ಹೋಗಿದ್ದೆ. ಅವನೂ ಪಕ್ಕದ ಕುರ್ಚಿಯ ಅಮೆರಿಕನ್ ಮೈಕನೂ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಮೂಲಕ ಅಮೆರಿಕದ ಉಪಗ್ರಹ ರೇಡಿಯೊ ಕೇಳುತ್ತಿದ್ದರು. ಆ ಚಾನೆಲಿನಲ್ಲಿ ಬೇಸ್‌ಬಾಲ್ ಬಗ್ಗೆ ಮಾತು ಬಿಟ್ಟು ಬೇರೇನಿಲ್ಲ. ಆಟವಿಲ್ಲದ ದಿನವೂ ಮಾತೇ. ರೇಡಿಯೊದಲ್ಲಿ ಯಾರೋ ಏನೋ ಅಂದರು, ಇಬ್ಬರೂ ಒಟ್ಟಿಗೆ ನಕ್ಕರು. ನನಗೆ ಹೊಟ್ಟೆ ಉರಿಯಿತು. ಮಂಗಳೂರಿನ ಹಾಸ್ಟೆಲಿನಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ಫೆಲಿಕ್ಸ್ ಹೀಗೆ ನಗುತ್ತಿದ್ದದ್ದು ನನ್ನ ಜೊತೆ. ನನ್ನ ನೆನಪಿನಲ್ಲಂತೂ ಹಾಗೇ ಇದೆ.

ಮೈಕ್ ಕಾಫಿ ತರಲು ಎದ್ದುಹೋದಾಗ ಕೇಳಿದೆ, "ಕ್ರಿಕೆಟ್ ಮರೆತೇಹೋಯ್ತಾ ಮಾರಾಯ?"

"ಈ ಆಟ ನಂಗೆಂತ ಅರ್ಥ ಆಗ್ತದಾ? ಅವ ನಗುವಾಗ ನಾನೂ ನಗುದು. ಪಾಪ, ಅವನಿಗಿಲ್ಲಿ ಬೇರೆ ಯಾರಿದ್ದಾರೆ?"

ಮೈಕ್ ಬಂದು ಕೂತು ಮತ್ತೆ ನಕ್ಕ. ಫೆಲಿಕ್ಸನೂ ನಕ್ಕ. ಹಾಸ್ಟೆಲಿನಲ್ಲಿ ನನ್ನ ಪಕ್ಕ ನಕ್ಕದ್ದೂ ಹೀಗೆಯೋ ಎಂದು ಕೇಳಬೇಕೆನಿಸಿತು.