ಅವ್ವನನ್ನು ಹುಡುಕಿದ ಲೆಕ್ಕ

ವಿಮಾ ಕಚೇರಿಯಲ್ಲಿ ನನ್ನ ಕೆಲಸ ಅಂಕಿಅಂಶಗಳದ್ದು. ಯಾವ ವಯಸ್ಸಿನವರಿಗೆ ಏನಾಗಬಹುದೆಂದು ಅಂದಾಜು ಮಾಡಿ ಸಂಬಳ ತೆಗೆದುಕೊಳ್ಳುವವನು ನಾನು. ಹಾಗಾಗಿ, ಮರೆವಿನ ಕಾಯಿಲೆಯ ಅವ್ವ ವಡೋದರಾದ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು ಕಾಣೆಯಾದಾಗ, ಬೀದಿಗಿಳಿಯುವ ಮೊದಲು ಲ್ಯಾಪ್‌ಟಾಪ್ ತೆರೆದೆ. ಹೇಳಲು ಈಗ ನಾಚಿಕೆಯಾಗುತ್ತದೆ.

ಕಳೆದುಹೋದವರು ಎಲ್ಲೆಲ್ಲಿ ಸಿಕ್ಕರು ಎಂಬುದನ್ನು ಒಟ್ಟುಹಾಕಿ, ಮುಂದೆ ಕಳೆದುಹೋಗುವವರು ಎಲ್ಲಿಗೆ ಹೋಗಬಹುದೆಂದು ಊಹಿಸುವ ಲೆಕ್ಕವೊಂದಿದೆ. ಮರೆವಿನವರು ಸಾಮಾನ್ಯವಾಗಿ ಹತ್ತಿರದಲ್ಲೇ ಸಿಗುತ್ತಾರೆ. ಇಲ್ಲವೆಂದರೆ ಹಿಂದೆ ಬಾಳಿದ ಮನೆಯ ದಾರಿ ಹಿಡಿಯುತ್ತಾರೆ ಎಂದು ಅದರಲ್ಲಿತ್ತು. ಮ್ಯಾಪಿನ ಮೇಲೆ ನಮ್ಮ ಮನೆಯ ಸುತ್ತ ವೃತ್ತ ಎಳೆದೆ.

“ಬರೇ ಗೆರಿ ಎಳಕೋತ ಕೂಡ್ತೀರೇನ್ರಿ? ಏಳ್ರಿ ಮೊದ್ಲ!” ಎಂದು ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ಪೊಲೀಸರಿಗೆ ಫೋಟೊ ಕೊಟ್ಟೆವು. ವೃತ್ತದೊಳಗಿನ ಗಲ್ಲಿ, ಉದ್ಯಾನ, ದೇವಸ್ಥಾನ ಎಲ್ಲ ಜಾಲಾಡಿದೆವು. ಅವ್ವ ಸಿಗಲಿಲ್ಲ. ಇನ್ನು ಉಳಿದದ್ದು ಹಳೆಯ ಮನೆ. ಅದು ನಮ್ಮ ಸ್ವಂತ ಊರಾದ ಧಾರವಾಡದ್ದೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನನ್ನಂಥ ವರ್ಗಾವಣೆಯ ನೌಕರಿಯವರಿಗೆ ಊರೆಂದರೆ ಒಂದೇ, ಉಳಿದವೆಲ್ಲ ಕ್ವಾರ್ಟರ್ಸು. ದಿನಾ ಸಂಜೆ ಆಕೆ, “ತಮ್ಮಾ, ಮನಿಗೆ ಹೋಗೂಣು” ಎನ್ನುತ್ತಿದ್ದಳು. “ರಜಾ ಸಿಗಲಿ, ಧಾರವಾಡಕ್ಕ ಕರಕೊಂಡ ಹೋಗ್ತೀನವ್ವಾ” ಎಂದು ನಾನು ಸಾಗಹಾಕುತ್ತಿದ್ದೆ.

ರೈಲ್ವೆ ನಿಲ್ದಾಣದಲ್ಲಿ ದಕ್ಷಿಣದ ಗಾಡಿಗಳು ಬರುವ ಪ್ಲಾಟ್‌ಫಾರ್ಮಿನಲ್ಲಿ ಮಧ್ಯಾಹ್ನದವರೆಗೆ ಅಲೆದೆ. ನರೆತ ತಲೆ ಕಂಡಲ್ಲೆಲ್ಲ ಓಡಿದೆ. ಕೊನೆಗೆ ಬೆಂಚಿನ ಮೇಲೆ ಕುಳಿತು, ಜನರೆದುರೇ ಅತ್ತುಬಿಟ್ಟೆ.

ಆಗ ಅಹಮದಾಬಾದಿನಿಂದ ಫೋನ್ ಬಂತು. ಎರಡು ವರ್ಷದ ಹಿಂದಿನವರೆಗೆ ನಾವಿದ್ದ ಚಾಂದ್‌ಖೇಡಾದ ಕ್ವಾರ್ಟರ್ಸಿನ ಪಕ್ಕದ ಮನೆಯಾಕೆ. ಅವ್ವ ಅಲ್ಲಿದ್ದಳು. ಬಸ್ಸಿಗೆ ಯಾರೋ ಕೈಹಿಡಿದು ಹತ್ತಿಸಿದ್ದರಂತೆ. ಇಳಿದಮೇಲೆ ಆಟೊದವನಿಗೆ ವಿಳಾಸವನ್ನು ತಾನೇ ತಪ್ಪಿಲ್ಲದೆ ಹೇಳಿದ್ದಳಂತೆ. ವಡೋದರಾದ ಮನೆಯ ನಂಬರು ಒಮ್ಮೆಯೂ ನೆನಪಿಡದಾಕೆ!

ಲೆಕ್ಕ ಸರಿಯಾಗಿಯೇ ಇತ್ತು. ಅಪ್ಪ ಕಣ್ಣುಮುಚ್ಚಿದ್ದು ಆ ಕ್ವಾರ್ಟರ್ಸಿನಲ್ಲಿ. ಅದನ್ನು ಮನೆಯೆಂದು ಎಣಿಸದವನು ನಾನು.

ಟ್ಯಾಕ್ಸಿ ಮಾಡಿಕೊಂಡು ಹೋದೆ. ಮೆಟ್ಟಿಲ ಮೇಲೆ ಅವ್ವ ಕುಳಿತಿದ್ದಳು. ಬಾಗಿಲಿಗೆ ಈಗ ಅಲ್ಲಿರುವವರ ಬೀಗ. ನನ್ನನ್ನು ಕಂಡದ್ದೇ ಮುಖ ಅರಳಿತು.

“ಬಂದ್ಯಾ ತಮ್ಮಾ? ಕೀಲಿ ತಗಿ. ನಿಮ್ಮಪ್ಪಗ ಚಾದ ಹೊತ್ತಾತು.”

ನನ್ನ ಜೇಬಿನಲ್ಲಿದ್ದದ್ದು ವಡೋದರಾದ ಕೀಲಿಕೈ. ನನಗೆ ದಾರಿ ಬಿಡಲೆಂದು ಅವ್ವ ಮೆಟ್ಟಿಲಿನ ಬದಿಗೆ ಸರಿದು ಕುಳಿತಳು.