ಸ್ವಿಚ್ಚಿನ ಮೇಲಿದ್ದ ಕೈ

ಆ ವಿಮಾನವನ್ನು ಉಳಿಸಿದ್ದು ನೀವು, ಮುರಳಿ. ಆ ಮಾತು ನನ್ನ ಗಂಡನ ಬಾಯಿಂದ ಹೊರಬೀಳದ ಹಾಗೆ ತಡೆದವಳು ನಾನು.

ಎಪ್ಪತ್ತರ ದಶಕದ ಆ ಬೆಳಿಗ್ಗೆ ರಾಜಾಜಿನಗರದ ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ. ಅವರು ಉಪ್ಪಿಟ್ಟು ತಿಂದು, "ಉಪ್ಪು ಜಾಸ್ತಿ ಕಣೇ" ಎಂದು ಹೊರಟರು. ಸಂಜೆ ಬೀದಿಯವರೆಲ್ಲ ನಮ್ಮ ಗೇಟಿನ ಮುಂದಿದ್ದರು — ಒಂದೇ ಎಂಜಿನ್‌ನಲ್ಲಿ ವಿಮಾನ ಇಳಿಸಿದ ಕ್ಯಾಪ್ಟನ್ನನ್ನು ನೋಡಲು. ನನ್ನ ಹೆಮ್ಮೆ — ಹೇಗೆ ಹೇಳಲಿ...

ನಡೆದದ್ದನ್ನು ಅವರು ಅಡುಗೆಮನೆಯಲ್ಲಿ ಕೂತು ನನಗೆ ಹೇಳಿದರು. ಹೈದರಾಬಾದಿನಿಂದ ಬರುವಾಗ ಎಡ ರೆಕ್ಕೆಯ ಟ್ಯಾಂಕಿನಲ್ಲಿ ಇಂಧನ ಬೇಗ ಬೇಗ ಇಳಿಯತೊಡಗಿತು. ಹಾಗಾದಾಗ ಎರಡು ಟ್ಯಾಂಕುಗಳ ನಡುವಿನ ಕೊಳವೆ ತೆರೆದು, ಬಲ ಟ್ಯಾಂಕಿನಿಂದಲೇ ಎರಡೂ ಎಂಜಿನ್‌ಗೆ ಕೊಡುವುದು ರೂಢಿ. ಅವರ ಕೈ ತಾನಾಗಿ ಆ ಕೊಳವೆ ತೆರೆಯುವ ಸ್ವಿಚ್ಚಿಗೆ ಹೋಯಿತು. ಪಕ್ಕದಲ್ಲಿ ಕೋ-ಪೈಲಟ್ ಆಗಿದ್ದ ನೀವು ಮಣಿಕಟ್ಟು ಹಿಡಿದಿರಿ. "ಬೇಡ ಸಾರ್. ಸೋರ್ತಾ ಇದ್ರೆ ಒಳ್ಳೇ ಟ್ಯಾಂಕೂ ಖಾಲಿಯಾಗುತ್ತೆ. ನೋಡ್ಕೊಂಡು ಬರ್ತೀನಿ." ಹಿಂದೆ ಹೋಗಿ ಪ್ರಯಾಣಿಕರ ಕಿಟಕಿಯಿಂದ ನೋಡಿದಿರಿ — ಎಡ ಎಂಜಿನ್ನಿನ ಹಿಂದೆ ಇಂಧನ ಮಂಜಿನಂತೆ ಚಿಮ್ಮುತ್ತಿತ್ತು. ಅವರು ಆ ಎಂಜಿನ್ ನಿಲ್ಲಿಸಿ, ಅದಕ್ಕೆ ಹೋಗುವ ಇಂಧನ ಮುಚ್ಚಿ, ಉಳಿದೊಂದರಲ್ಲೇ ಬೆಂಗಳೂರಿಗೆ ತಂದರು. ಎಷ್ಟು ಮೃದುವಾಗಿ ಇಳಿಸಿದರೆಂದರೆ, ಮಲಗಿದ್ದ ಮಗುವೊಂದು ಏಳಲೇ ಇಲ್ಲವಂತೆ! ಗೆದ್ದದ್ದು ಅವರೊಬ್ಬರಲ್ಲ, ನೀವಿಬ್ಬರೂ.

ಮುಂದಿನ ಭಾನುವಾರ ಬಡಾವಣೆಯವರ ಸನ್ಮಾನ. ಹೊರಡುವಾಗ ಅವರೆಂದರು, "ಮುರಳಿ ಕೈ ಹಿಡೀದೇ ಇದ್ದಿದ್ರೆ ನಾವ್ಯಾರೂ ಇರ್ತಿರ್ಲಿಲ್ಲ ಅಂತ ಹೇಳಿಬಿಡ್ತೀನಿ ಕಣೇ."

"ಬೇಡ್ರೀ. ಕ್ಯಾಪ್ಟನ್ನೇ ತಪ್ಪು ಮಾಡೋಕೆ ಹೋಗಿದ್ರು ಅಂತಾರೆ. ಮುರಳಿಗೇನು, ಇನ್ನೂ ವಯಸ್ಸಿದೆ."

ಅವರು ಹೇಳಲಿಲ್ಲ. ಪೇಟ ತೊಡಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನೀವು. ಊಟದಲ್ಲಿ ನಿಮ್ಮ ಎಲೆಗೆ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕಿದೆ. "ಸಾಕು ಅಕ್ಕಾ, ಇಷ್ಟು ಭಾರಕ್ಕೆ ಗಾಡಿ ಮೇಲೇಳಲ್ಲ" ಎಂದು ನಕ್ಕಿರಿ. ನನಗೆ ಎಲ್ಲ ಗೊತ್ತಿದೆ ಎಂಬುದು ನಿಮಗೆ ತಿಳಿದಿತ್ತೇ — ಕೇಳುವ ಧೈರ್ಯ ಬರಲಿಲ್ಲ.

ಆಮೇಲೆ ಯಾರು ಆ ದಿನದ ಬಗ್ಗೆ ಕೇಳಿದರೂ ಅವರು "ಇಳೀತು ಬಿಡಿ" ಎಂದಷ್ಟೇ ಹೇಳುತ್ತಿದ್ದರು. ಜನ ಅದನ್ನು ವಿನಯ ಎಂದರು. ನಾನು — ಗೊತ್ತಿದ್ದೂ — ಅನ್ನಲು ಬಿಟ್ಟೆ.

ನಿನ್ನೆ ಅವರ ವೈಕುಂಠ ಸಮಾರಾಧನೆ. ನೀವು ದೂರದ ಊರಿನಲ್ಲಿದ್ದೀರಿ, ಬರಲಾಗಲಿಲ್ಲ. ಬಂದವರು ಮತ್ತೆ ಅದೇ ಸಾಹಸವನ್ನು ಹೊಗಳುವಾಗ ನಾನು ಎದ್ದು ನಿಂತೆ. ನಿಮ್ಮ ಹೆಸರು ಹೇಳಿದೆ. ಅವರನ್ನು ತಡೆದ ನನ್ನ ಮಾತನ್ನೂ ಹೇಳಿದೆ. ಎದುರು ಮನೆಯ ಸೀತಮ್ಮ, "ಈಗ್ಯಾಕಮ್ಮ ಅದೆಲ್ಲ, ಕೂತ್ಕೋ" ಎಂದರು. ನಾನು ಕೂರಲಿಲ್ಲ. ಕಿರಿಯನ ಒಂದು ಮಾತಿಗೆ ಕೈ ಹಿಂದಕ್ಕೆ ತೆಗೆದ ನನ್ನ ಗಂಡ, ಪೇಟ ತೊಟ್ಟ ದಿನಕ್ಕಿಂತ ದೊಡ್ಡವರಾಗಿ ಕಂಡರು — ನನಗಷ್ಟೇ ಅಲ್ಲ, ಅಲ್ಲಿದ್ದ ಎಲ್ಲರಿಗೂ.

ಆ ಮಾತನ್ನು ಹೇಳಬೇಕಾಗಿದ್ದವರು ಅವರು. ಅವರಿಲ್ಲ.